ಸೊನ್ನೆ ಸುತ್ತುವುದು

ತಿಂಗಳಿಗೊಮ್ಮೆ, ಮಂಜು ದಾರಿ ಬಿಟ್ಟರೆ,
ಗ್ಯಾಂಡರಿನಿಂದ ಸ್ಪ್ಲಿಟ್ ರಾಕ್ ಕೋವಿಗೆ ಹೋಗುತ್ತೇನೆ.
ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಯಂತ್ರ,
ಶಾಲೆಗೆ ಹೊರಟ ಕೂಸಿನ ಹಾಗೆ.

ಚರ್ಚಿನ ಹಿಂಬದಿಯ ಕೋಣೆ. ಮೊಳೆಗೆ ನೇತುಬಿದ್ದ ಒದ್ದೆ ಕೋಟುಗಳು.
ಭುಜದ ಕೆಳಗೆ ಬಿಲ್ಲೆ ಇಟ್ಟರೆ ಸಾಕು,
ಚರ್ಮದಡಿಯ ಡಬ್ಬಿ ಮೂರು ತಿಂಗಳ ರಾತ್ರಿಗಳನ್ನು
ಮಗ್ಗಿಯಂತೆ ಒಪ್ಪಿಸುತ್ತದೆ,
ಎಲ್ಲೂ ತಡವರಿಸದೆ.

ಈ ಊರಿನ ರಕ್ತದಲ್ಲಿ ಒಂದು ಒತ್ತಕ್ಷರ ತಪ್ಪಿದೆ.
ಯಾವ ಕಾಲದಲ್ಲೋ ದೋಣಿಯಿಳಿದ ಯಾರೋ ಒಬ್ಬ
ಉಪ್ಪಿನ ಮೂಟೆಯ ಜೊತೆ ಅದನ್ನೂ ಇಳಿಸಿದ.
ಅಲ್ಲಿಂದಾಚೆ ಎಲ್ಲರೂ ನೋಡಿ ಬರೆದದ್ದೇ.
ಬಲೆ ಎಳೆಯುತ್ತ ಒಬ್ಬ, ಸೌದೆ ಒಡೆಯುತ್ತ ಒಬ್ಬ,
ಹೆಪ್ಪುಗಟ್ಟಿದ ಕೊಳದ ಮೇಲೆ ಹಾಕಿ ಆಡುತ್ತ ಇನ್ನೊಬ್ಬ.
ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲವಂತೆ.
‘ಫಜ್ ಮನೆಯವನಲ್ಲವೆ’ ಎಂದರೆ ಮುಗಿಯಿತು.

ಈಗ ಸಾವಿಗೂ ಮೊದಲೇ ಡಬ್ಬಿ ಬಂದು ಕೂರುತ್ತದೆ.

ಸೇಂಟ್ ಜಾನ್ಸಿನ ಡಾಕ್ಟರಿಗೆ ವರ್ಷದ ಲೆಕ್ಕ ಬೇಕು.
ಗಂಡಸರು, ಹೆಂಗಸರು.
ಒಮ್ಮೆ ಸತ್ತು ಎದ್ದವರು, ಇನ್ನೂ ಸಾಯದವರು.
ಬೇಕಾಗಿ ಬಿದ್ದ ಹೊಡೆತ, ಬೇಡದೆ ಬಿದ್ದದ್ದು.
ನೂರಕ್ಕೆ ಎಷ್ಟು?
ಈ ಕೋಣೆಗೆ ನೂರು ಜನ ಬರುವುದಿಲ್ಲ, ಬರುವವರು ಇಪ್ಪತ್ತೆರಡು.

ಹೆಡ್ಲಿ ಫಜ್. ಏಡಿಯ ಬೋನು ಎಳೆಯುವಾಗ
ಒಂದೇ ಮಧ್ಯಾಹ್ನ ಆರು ಹೊಡೆತ.
‘ದೋಣಿ ಬಂಡೆಗೆ ಬಡಿಯುತ್ತಲ್ಲ, ಹಾಗೆ.
ಆದರೆ ದೋಣಿಯೂ ನಾನೇ, ಬಂಡೆಯೂ ನಾನೇ.’
ಆರೂ ಬೇಕಾದವೇ. ಇಲ್ಲದಿದ್ದರೆ ಇವನು ಇಲ್ಲ.
ಅವನು ಆ ನೀರಿನ ಕಡೆ ಮತ್ತೆ ಮುಖ ತಿರುಗಿಸಿಲ್ಲ.
ಏಡಿಗಳಿಗೆ ಸುದ್ದಿ ಹತ್ತಿರಬೇಕು, ಅಲ್ಲೇ ಕೊಬ್ಬುತ್ತಿವೆಯಂತೆ.

ಕಾರ್ವಿನ್, ಹತ್ತೊಂಬತ್ತು.
ಚಿಕ್ಕಪ್ಪನ ಮಗಳ ಮದುವೆ, ಅಕಾರ್ಡಿಯನ್, ಅಡುಗೆಮನೆಯ ಹಲಗೆ ನೆಲ.
ಕುಣಿದ. ಕುಣಿಯುತ್ತಿದ್ದವನನ್ನು ಕೆಡವಿತು.
ಡಬ್ಬಿಗೆ ವೇಗ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ.
‘ಎಷ್ಟರವರೆಗೆ ಖುಷಿಪಡಬಹುದು? ಒಂದು ಅಂಕಿ ಹೇಳಿಬಿಡಿ.’
ಡಾಕ್ಟರಿಗೆ ಫೋನು ಮಾಡಿ ಕೇಳಿ
ನೂರಾ ಎಂಬತ್ತೆಂಟನ್ನು ಇನ್ನೂರಾಹತ್ತಕ್ಕೆ ಏರಿಸಿದೆ.
ಇಪ್ಪತ್ತೆರಡು ಬಡಿತದಷ್ಟು ಅಂಗಳ.
ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬೂಟಿನ ತುದಿಯಿಂದ
ನೆಲಕ್ಕೆ ಎರಡು ಸಲ ತಟ್ಟಿ ನೋಡಿದ.

ಕೊನೆಗೆ ಡಲ್ಸಿ ಪಾರ್ಡಿ. ಹುಟ್ಟಿದ್ದು ಫಜ್ ಮನೆಯಲ್ಲಿ.
ಹನ್ನೊಂದು ವರ್ಷ, ಎರಡನೆಯ ಡಬ್ಬಿ, ಒಂದೂ ಹೊಡೆತವಿಲ್ಲ.
ಅಣ್ಣತಮ್ಮಂದಿರು ಮೂವರಿದ್ದರು.
‘ಹನ್ನೊಂದು ವರ್ಷ ಕಾವಲಿನವನಿಗೆ ಎದೆಯಲ್ಲೇ ಮನೆ ಕೊಟ್ಟೆ,
ಕಳ್ಳ ಬರಲೇ ಇಲ್ಲವಲ್ಲ ಮಗಳೇ?
ಆಸ್ಪತ್ರೆಯವರು ಇದನ್ನು ಲೆನಾರ್ಡನಿಗೆ ಇಟ್ಟಿದ್ದರೆ.’
ಲೆನಾರ್ಡನ ಕಾಲಕ್ಕೆ ಈ ಊರಿಗೆ ಡಬ್ಬಿಯೇ ಬಂದಿರಲಿಲ್ಲ ಎಂದೆ.
ಅವಳಿಗೆ ಅದು ಗೊತ್ತಿತ್ತು.

ಆಮೇಲೆ, ಹೋಗಲೆಂದು ಎದ್ದವಳು, ಬಾಗಿಲ ಬಳಿ ನಿಂತು:
‘ಮಾರ್ಚ್ ಒಂಬತ್ತರ ರಾತ್ರಿ ಹೊಡೆಯಿತು.
ಎದ್ದು ಕೂತೆ. ಬಾಯಲ್ಲಿ ಕಬ್ಬಿಣದ ರುಚಿ.
ನಿನ್ನ ಯಂತ್ರ ಹೇಳಲಿಲ್ಲವೆ?’

ಹುಡುಕಿದೆ. ಮಾರ್ಚ್ ಒಂಬತ್ತು,
ಅರವತ್ತೆರಡು, ಅರವತ್ತೊಂದು, ಅರವತ್ತೆರಡು.
ಗಾಳಿ ಬೀಳದ ಹೊತ್ತಿನ ಕಡಲಿನಂಥ ಗೆರೆ.
ಏನೂ ಇಲ್ಲ ಎಂದೆ. ತಲೆಯಾಡಿಸಿದಳು.
ಆ ತಾರೀಖಿಗೆ ಏನು ವಿಶೇಷ ಎಂದು ಕೇಳಲಿಲ್ಲ ನಾನು.
ಕಿಟಕಿಯಾಚೆ ಕಲ್ಲುಗಳಿದ್ದವು, ಕೆತ್ತಿದ ಮೈ ನಮ್ಮ ಕಡೆಗೆ;
ಓದುವಷ್ಟು ಹತ್ತಿರವಿದ್ದರೂ ಓದಲಿಲ್ಲ.

ಡಾಕ್ಟರ ಹಾಳೆಯಲ್ಲಿ ಇದಕ್ಕೆ ಮನೆಯಿಲ್ಲ.
ಹೆಂಗಸರು, ಇನ್ನೂ ಸಾಯದವರು, ಹೊಡೆತ:
ಸೊನ್ನೆ ಸುತ್ತಿದೆ.
ಪೆನ್ನು ನಿಲ್ಲದೆ ಅದರ ಮೇಲೇ ಇನ್ನೊಂದು ಸುತ್ತು ಹೋಯಿತು,
ಮತ್ತೊಂದು.
ಕಾಗದ ತೆಳುವಾಯಿತು.

ಹಿಂತಿರುಗುವಾಗ ಮತ್ತೆ ಮಂಜು.
ಹಿಂದಿನ ಸೀಟಿನಲ್ಲಿ ಯಂತ್ರ,
ಪಕ್ಕದಲ್ಲಿ ಅವಳು ಕೊಟ್ಟ ಕೆಂಪು ಹಣ್ಣಿನ ಜಾಮಿನ ಸೀಸೆ.
ಅದಕ್ಕೂ ಬೆಲ್ಟು.